ಒತ್ತು, ಎಳಿ, ಬಿಡು

ಆರು ತಿಂಗಳು ಅವರ ಹತ್ತಿರ ಕಲಿತೆ. ಅಷ್ಟೂ ದಿನದಲ್ಲಿ ಅವರು ಬೋರ್ಡಿನ ಮೇಲೆ ಒಂದಕ್ಷರ ಬರೆದದ್ದನ್ನು ನಾನು ನೋಡಲಿಲ್ಲ. ಸೀಮೆಸುಣ್ಣವನ್ನು ನಮ್ಮಲ್ಲೊಬ್ಬರ ಕೈಗೆ ಕೊಟ್ಟು, ತಾವು ಕಿಟಕಿಯ ಪಕ್ಕ ಕೈಕಟ್ಟಿ ನಿಂತು, “ನೀ ಬರಿ, ನಾ ಹೇಳ್ತೀನಿ” ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲೂ ನಮ್ಮ ಹೆಸರಿನ ಮುಂದೆ ನಾವೇ ಗುರುತು ಹಾಕಿಕೊಳ್ಳಬೇಕಿತ್ತು. ನಮಗೆ ಅದು ಜಂಬವಾಗಿ ಕಂಡಿತ್ತು. “ಮೈ ಬಗ್ಗಂಗಿಲ್ಲ ನೋಡು ಮೇಡಮ್ಮಾರ್ದು” ಎಂದು ಜೊತೆಗೆ ಕಲಿಯುತ್ತಿದ್ದ ಮಂಜ ಬೆನ್ನ ಹಿಂದೆ ಆಡಿಕೊಂಡರೆ ಎಲ್ಲರಿಗಿಂತ ಮೊದಲು ಕಿಸಕ್ಕನೆ ನಗುತ್ತಿದ್ದವಳು ನಾನೇ.

ಹೋದ ವಾರ ಹರಿಹರದಿಂದ ಅವರ ತಂಗಿ ಫೋನ್ ಮಾಡಿ, “ಅಕ್ಕ ತೀರ್ಕೊಂಡ್ಳವ್ವಾ. ನಿನ್ನ ನಂಬರು ಡೈರಿಯಾಗೆ ಇತ್ತು, ಹೇಳಾಣ ಅಂತ ಮಾಡ್ದೆ” ಎಂದರು. ದೇವರಾಜ ಅರಸು ಬಡಾವಣೆಯಲ್ಲಿರುವ ನನ್ನ ಅಂಗಡಿಯಲ್ಲಿ ಕೂತು ಯಾರದೋ ಮದುವೆ ಕಾರ್ಡಿಗೆ ಕಂಪ್ಯೂಟರಿನಲ್ಲಿ ಅಂಚು ಕೂಡಿಸುತ್ತಿದ್ದೆ. ಮೌಸಿನ ಗುಂಡಿ ಒತ್ತಿ ಹಿಡಿದ ಬೆರಳು ಹಾಗೇ ನಿಂತಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲೆಂದರಲ್ಲಿ ತಮ್ಮ ಹೆಸರು ಕಾಣುವುದು ಅವರಿಗೆ ಸೇರುತ್ತಿರಲಿಲ್ಲ. ಹೆಸರಿಗೆ ಒಂದು ಜಾಗ ಇರುತ್ತದೆ, ಅಲ್ಲಿ ಮಾತ್ರ ಇರಬೇಕು ಎನ್ನುವವರು ಅವರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ, ಅದರ ಮಾಳಿಗೆಯ ಮೇಲೆ ನಮ್ಮ ಕಂಪ್ಯೂಟರ್ ಕ್ಲಾಸು. ಎರಡಕ್ಕೂ ಒಬ್ಬರೇ ಸಾಹುಕಾರರು. ಹಣೆಗೆ ವಿಭೂತಿ, ಬಾಯಲ್ಲಿ ಸದಾ ಅಡಿಕೆ. “ಜಾವಾ ಅಂದ್ರೆ ಏನು ಅಂತ ನನಗೂ ಗೊತ್ತಿಲ್ರಿ ಮೇಡಂ. ಆದ್ರೆ ಬಂದೋರೆಲ್ಲ ಅದನ್ನೇ ಕೇಳ್ತಾರೆ, ಬೋರ್ಡಿನಾಗೆ ಬರಿಸಿಬಿಟ್ಟೀನಿ. ನೀವು ಕಲಿಸಿಬಿಡ್ರಿ” ಎಂದು ಅವರೇ ಮೇಡಂ ಕೈಗೆ ಆ ಕಂಪ್ಯೂಟರ್ ಭಾಷೆಯ ಒಂದು ದಪ್ಪ ಪುಸ್ತಕ ಕೊಟ್ಟಿದ್ದರಂತೆ. ಮೇಡಂ ದಿನಾ ಹರಿಹರದಿಂದ ಬಸ್ಸಿನಲ್ಲಿ ಬಂದು ಹೋಗುವಾಗ ಆ ಪುಸ್ತಕ ಓದಿ, ನಮಗಿಂತ ಎರಡು ಪಾಠ ಮಾತ್ರ ಮುಂದೆ ಇರುತ್ತಿದ್ದರು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. “ಅದು ನಾಳೆ ಓದ್ತೀನಿ, ನಾಡಿದ್ದು ಹೇಳ್ತೀನಿ” ಎಂದು ನೇರ ಹೇಳಿಬಿಡುವರು.

ಆಗ ಅವರಿಗೆ ನಲವತ್ತೈದರ ಆಸುಪಾಸು. ಹತ್ತಿ ಸೀರೆ, ಎಡಗೈಗೆ ಎರಡು ಬಳೆ, ಬಲಗೈ ಬೋಳು. ಹರಿಹರದ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಹದಿನೆಂಟು ವರ್ಷ ಟ್ರೇಸರ್ ಆಗಿದ್ದವರು. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಪ್ರತಿ ಗೆರೆಯನ್ನೂ ಇಂಕಿನಲ್ಲಿ ಎಳೆಯುವ ಕೆಲಸ. “ಪೆನ್ನು ಇಟ್ರೆ ಗೆರೆ ಮುಗಿಯೋ ಮಟ ಎತ್ತಂಗಿಲ್ಲ. ನಡುವೆ ಎತ್ತಿದ್ರೆ ಅಲ್ಲೊಂದು ಗಂಟು ಬೀಳ್ತೈತೆ” ಎನ್ನುತ್ತಿದ್ದರು. ಆ ಕೆಲಸ ಯಾಕೆ ಬಿಟ್ಟರೆಂದು ಹೇಳಿರಲಿಲ್ಲ. ಕೊನೆಯ ನಾಲ್ಕು ವರ್ಷ ಅವರನ್ನು ನಕ್ಷೆಗಳನ್ನು ಸುತ್ತಿಡುವ ಕೋಣೆಗೆ ಹಾಕಿದ್ದರು, ಆಮೇಲೆ ಅವರೇ ಬಿಟ್ಟು ಬಂದರು ಎಂಬಷ್ಟು ಮಾತ್ರ ನಮ್ಮ ಕಿವಿಗೆ ಬಿದ್ದಿತ್ತು.

ಅವರು ಕಲಿಸಿದ್ದರಲ್ಲಿ ನನಗೆ ಇವತ್ತಿಗೂ ಹೊಟ್ಟೆಪಾಡಾಗಿರುವುದು ಮೌಸು ಎಳೆಯುವ ಪಾಠ. ಅಂದರೆ ಗುಂಡಿ ಒತ್ತಿ ಹಿಡಿದು ಕೈ ಸರಿಸಿದರೆ ಪರದೆಯ ಮೇಲೆ ಗೆರೆ ಮೂಡುವಂತೆ ಪ್ರೋಗ್ರಾಂ ಬರೆಯುವುದು. “ಮೂರೇ ಮಾತು ನೆನಪಿಟ್ಕಳ್ರಿ. ಒತ್ತು, ಎಳಿ, ಬಿಡು. ಒತ್ತಿದಾಗ ಏನಾಗ್ಬೇಕು, ಎಳಿಯುವಾಗ ಏನಾಗ್ಬೇಕು, ಬಿಟ್ಟಾಗ ಏನಾಗ್ಬೇಕು. ಮೂರಕ್ಕೂ ಬ್ಯಾರೆ ಬ್ಯಾರೆ ಬರಿಬೇಕು” ಎಂದರು. ಜಾವಾದಲ್ಲಿ ಆ ಮೂರರ ಜೊತೆ ನಮಗೆ ಬೇಡದ ಇನ್ನೂ ನಾಲ್ಕು ಹೆಸರುಗಳನ್ನು ಬರೆದು ಒಳಗೆ ಖಾಲಿ ಬಿಡಬೇಕಿತ್ತು. ಬರೆಯದಿದ್ದರೆ ಪ್ರೋಗ್ರಾಂ ನಡೆಯುತ್ತಿರಲಿಲ್ಲ. “ಇದೆಂಥಾ ಕಾಟ, ಬೇಕಾಗಿಲ್ಲ ಅಂದ್ರೂ ಬರಿಬೇಕಾ?” ಎಂದು ನಾನು ಸಿಡುಕಿದೆ. “ಪಂಕ್ತಿಯಾಗೆ ಬರ್ತೀನಿ ಅಂದೋರಿಗೆಲ್ಲ ಎಲಿ ಹಾಕಂಗಿಲ್ಲೇನು? ಬರ್ಲಿ ಬಿಡ್ಲಿ, ಎಲಿ ಇರ್ಬೇಕು. ಹಾಕು” ಎಂದರು. ಮಾರನೆಯ ದಿನದಿಂದ ಆ ನಾಲ್ಕಕ್ಕೆ ನಮ್ಮ ಕ್ಲಾಸಿನಲ್ಲಿ ಖಾಲಿ ಎಲೆ ಎಂದೇ ಹೆಸರಾಯಿತು.

ಕಂಪ್ಯೂಟರು ಇದ್ದದ್ದು ಮೂರು, ನಾವು ಹನ್ನೊಂದು ಜನ. ಕೆಳಗಿನ ಅಂಗಡಿಯಿಂದ ಹತ್ತಿಯ ಎಳೆ ಹಾರಿ ಬಂದು ಮೌಸಿನ ಹೊಟ್ಟೆಯೊಳಗಿನ ಗೋಲಿಗೆ ಸುತ್ತಿಕೊಳ್ಳುತ್ತಿತ್ತು. ಸರದಿ ಬರುವವರೆಗೆ ಕಾಯುವವರಿಗೆ ಮೇಡಂ ನೆಲದ ಮೇಲೆ ಪಾಠ ಮಾಡಿಸುವರು. ಮಂಜ ಸೀಮೆಸುಣ್ಣ ಹಿಡಿದು ಚಪ್ಪಡಿ ನೆಲದ ಮೇಲೆ ಬಗ್ಗಿ ನಡೆಯಬೇಕು, ಅವನೇ ಮೌಸು. ಅವನು ಯಾವ ಚಪ್ಪಡಿಯ ಮೇಲಿದ್ದಾನೆಂದು ನಾನು ಕೂಗಬೇಕು. ಇನ್ನೊಬ್ಬರು ಆ ಚಪ್ಪಡಿಯ ಮೇಲೆ ಚುಕ್ಕಿ ಇಡಬೇಕು. ನಿಧಾನ ನಡೆದರೆ ಚುಕ್ಕಿಗಳು ಒತ್ತೊತ್ತಾಗಿ ಬಿದ್ದವು. “ಈಗ ಓಡು” ಎಂದರು. ಮಂಜ ಓಡಿದ. ನಾನು ಕೂಗುವಷ್ಟರಲ್ಲಿ ನಾಲ್ಕು ಚಪ್ಪಡಿ ದಾಟಿ ಗೋಡೆಗೆ ಹಣೆ ಬಡಿಸಿಕೊಂಡ. ನಾವೆಲ್ಲ ಬಿದ್ದೂ ಬಿದ್ದೂ ನಕ್ಕೆವು. ಮೇಡಂ ನಗಲಿಲ್ಲ. “ನೋಡಿದ್ರಾ, ಜೋರಾಗಿ ಎಳೆದ್ರೆ ಕಂಪ್ಯೂಟರಿಗೂ ಎಲ್ಲ ಚುಕ್ಕಿ ಸಿಗಂಗಿಲ್ಲ. ಎಕ್ಸ್‌ಪ್ರೆಸ್ ಬಸ್ಸು ಎಲ್ಲ ಸ್ಟಾಪಿನಾಗೂ ನಿಲ್ತೈತೇನು? ಅದಕ್ಕೇ ಚುಕ್ಕಿ ಇಡಬ್ಯಾಡ್ರಿ. ಹಿಂದಿನ ಜಾಗದಿಂದ ಈಗಿನ ಜಾಗಕ್ಕೆ ಗೆರೆ ಎಳೀರಿ” ಎಂದು ಹೇಳಿ, ಮಂಜನ ಹಣೆಗೆ ಹಚ್ಚಲು ನೀರು ತರಲು ಹುಡುಗಿಯೊಬ್ಬಳನ್ನು ಕಳಿಸಿದರು.

ಆ ಪಾಠವನ್ನು ಕಂಪ್ಯೂಟರಿನಲ್ಲಿ ಬರೆಯುವಾಗ ನಾನು ಒಂದು ಸಾಲು ಮರೆತೆ. ಹೊಸ ಜಾಗ ತಲುಪಿದ ಮೇಲೆ ಅದನ್ನೇ ಹಿಂದಿನ ಜಾಗವೆಂದು ಗುರುತಿಟ್ಟುಕೊಳ್ಳಬೇಕಿತ್ತು, ಇಟ್ಟುಕೊಳ್ಳಲಿಲ್ಲ. ಮೌಸು ಎಳೆದಂತೆಲ್ಲ ಮೊದಲು ಒತ್ತಿದ ಜಾಗದಿಂದಲೇ ನೂರಾರು ಗೆರೆ ಹೊರಟು ಬೀಸಣಿಗೆಯ ಹಾಗೆ ಹರಡಿಕೊಂಡವು. ಅಯ್ಯೋ ದೇವರೇ ಎಂದು ಅಳಿಸಲು ಹೋದರೆ ಹಿಂದಿನಿಂದ “ಅಳಿಸ್ಬ್ಯಾಡ, ತಡಿ” ಎಂದರು. “ಹೊರಟ ಜಾಗ ಒಂದೇ ನೆನಪಿಟ್ಕಂಡೀ ನೀನು. ಇದು ತಪ್ಪಲ್ಲ, ಅರ್ಧ ಪ್ರೋಗ್ರಾಂ. ಹೊಸ ಗೆರೆ ಎಳಿಯೋಕೆ ಮುಂಚೆ ಹಳೇ ಗೆರೆ ಅಳಿಸ್ತಾ ಹೋಗು, ಏನಾಗ್ತೈತೆ ನೋಡಾಣ” ಎಂದರು. ಹಾಗೆ ಮಾಡಿದೆ. ಪರದೆಯ ಮೇಲೆ ಒಂದೇ ಒಂದು ಗೆರೆ ಉಳಿಯಿತು. ಒಂದು ತುದಿ ಒತ್ತಿದಲ್ಲಿ ಕಚ್ಚಿಕೊಂಡಿತ್ತು, ಇನ್ನೊಂದು ನನ್ನ ಕೈಯ ಜೊತೆ ಬರುತ್ತಿತ್ತು. ಕೈ ಎತ್ತ ಸುತ್ತಿ ಬಂದರೂ ಗೆರೆ ಮಾತ್ರ ಬಾಣದಷ್ಟು ನೇರ. ಗುಂಡಿ ಬಿಟ್ಟಲ್ಲಿ ನಿಂತಿತು.

ಮೇಡಂ ಅದನ್ನು ನನ್ನ ಕೈಯಲ್ಲಿ ಹತ್ತು ಸಲ ಮಾಡಿಸಿದರು. “ಕೈ ಅಲ್ಲಾಡಿಸಿಕೋತ ಎಳಿ” ಎಂದರು. ಅಲ್ಲಾಡಿಸಿದೆ. ಗೆರೆ ನೇರ. “ಇನ್ನೂ ಅಲ್ಲಾಡಿಸು” ಎಂದರು. ನೇರ. ಪರದೆಯನ್ನು ಕಣ್ಣಿಗೆ ಕಾಣದ ಚೌಕಗಳಾಗಿ ಹಂಚಿ, ಗೆರೆಯ ಎರಡು ತುದಿಗಳನ್ನೂ ಹತ್ತಿರದ ಚೌಕದ ಮೂಲೆಗೆ ಕೂಡಿಸುವುದನ್ನೂ ಆವತ್ತೇ ಸೇರಿಸಿದರು. ಒತ್ತುವಾಗಲೋ ಬಿಡುವಾಗಲೋ ಕೈ ಚೂರು ಆಚೀಚೆ ಆದರೂ ತುದಿ ಜಾಗ ತಪ್ಪುತ್ತಿರಲಿಲ್ಲ. ಅವತ್ತು ಸಂಜೆ ಛತ್ರಿ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಮೇಡಂ ಒಬ್ಬರೇ ನನಗೆ ಬೆನ್ನು ಮಾಡಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆ ತುಂಬ ನೇರ ಗೆರೆಗಳು. ಒಂದು ಎಳೆದು, ಬಿಟ್ಟು, ಇನ್ನೊಂದು ಎಳೆಯುತ್ತಿದ್ದರು. ನನ್ನ ಚಪ್ಪಲಿ ಸದ್ದಿಗೆ ಬೆಚ್ಚಿ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು, “ಏನು ಬೇಕಿತ್ತು?” ಎಂದು ಗದರಿದರು. ಛತ್ರಿ ತೆಗೆದುಕೊಂಡು ಮೂಗು ಮುರಿಯುತ್ತಾ ಶಾಮನೂರಿನ ನಮ್ಮ ಮನೆಗೆ ಸೈಕಲ್ ತುಳಿದೆ. ಎಂಥ ಮಬ್ಬಿ ನಾನು! ಕಣ್ಣೆದುರಿಗಿದ್ದದ್ದು ತಲೆಗೆ ಹೋಗಲಿಲ್ಲ.

ಚಾ ವಿಷಯವೂ ಹಾಗೇ. ಎಲ್ಲರಿಗೂ ತುಂಬಿದ ಲೋಟ ಬಂದರೆ ಅವರಿಗೆ ಅರ್ಧ. ಆ ಅರ್ಧ ಲೋಟವನ್ನೂ ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆ ತಿರುಗಿ ಕುಡಿಯುವರು. “ಅರ್ಧ ಸಾಕು, ಪಿತ್ತ ಆಗ್ತೈತೆ” ಎನ್ನುವರು. ನಾವು ನಂಬಿದ್ದೆವು.

ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಡ್ರಾಯಿಂಗ್ ಆಫೀಸಿನಲ್ಲಿ ಪ್ರತಿ ನಕ್ಷೆಯ ಬಲಗಡೆಯ ಕೆಳ ಮೂಲೆಯಲ್ಲಿ ಒಂದು ಚೌಕ ಇರುತ್ತದಂತೆ. ಬರೆದವರು, ತಿದ್ದಿದವರು, ಪರಿಶೀಲಿಸಿದವರು ಎಂದು ಮೂರು ಮನೆ. ಅಲ್ಲಿ ಸಹಿ ಇಲ್ಲದ ನಕ್ಷೆಯನ್ನು ಕಾರ್ಖಾನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಪರಿಶೀಲನೆಯಾದ ಮೇಲೆ ಒಂದು ಕೂದಲೆಳೆಯಷ್ಟು ಬದಲಿಸಿದರೂ ಬದಲಿಸಿದವರು ‘ತಿದ್ದಿದವರು’ ಎಂಬ ಮನೆಯಲ್ಲಿ ಸಹಿ ಹಾಕಬೇಕು. ಮೇಡಂ ಅದನ್ನು ನಮ್ಮ ಪ್ರೋಗ್ರಾಮುಗಳಿಗೂ ತಂದಿದ್ದರು. ಪ್ರತಿಯೊಂದನ್ನೂ ಪ್ರಿಂಟ್ ತೆಗೆದು ಮೂಲೆಯಲ್ಲಿ ಚೌಕ ಗೀಚಿ ಸಹಿ ಹಾಕಿ ಕೊಡಬೇಕು. ಅವರು ಅವನ್ನು ಹರಿಹರಕ್ಕೆ ಒಯ್ದು, ಮಾರನೆಯ ದಿನ ಪರಿಶೀಲಿಸಿದವರು ಎಂಬ ಮನೆಯಲ್ಲಿ ಸಹಿ ಹಾಕಿ ತರುವರು. ಆ ಸಹಿ ಓದಲು ಬಾರದ ಗೀಚು, ಬಸ್ಸಿನ ಕುಲುಕಾಟದಲ್ಲಿ ಹಾಕಿದ್ದೆಂದುಕೊಂಡಿದ್ದೆವು. “ಎಂಟು ಸಾಲಿನ ಪ್ರೋಗ್ರಾಮಿಗೆ ಮೂರು ಸಹಿ, ಮದುವಿ ಕರಾರು ಇದ್ದಂಗೆ” ಎಂದು ನಾನೇ ಎಷ್ಟೋ ಸಲ ಗೇಲಿ ಮಾಡಿದ್ದೆ.

ಆ ಮಾಗಿಯಲ್ಲಿ ಸಾಹುಕಾರರು ಒಂದು ಸುದ್ದಿ ತಂದರು. ಹರಿಹರದ ಅದೇ ಕಾರ್ಖಾನೆಯವರು ತಮ್ಮ ಡ್ರಾಯಿಂಗ್ ಆಫೀಸಿನ ಜನರಿಗೆ ಕಂಪ್ಯೂಟರ್ ಕಲಿಸಲು ಜಾಗ ಹುಡುಕುತ್ತಿದ್ದಾರೆ, ಅಲ್ಲಿಯ ಹಿರಿಯರೊಬ್ಬರು ಬಂದು ನೋಡುತ್ತಾರೆ, ಒಪ್ಪಿದರೆ ಇಡೀ ಬ್ಯಾಚು ನಮ್ಮಲ್ಲಿಗೆ ಎಂದರು. ಮೇಡಂ ಯಾವತ್ತೂ ಏನನ್ನೂ ಬೇಕು ಎಂದವರಲ್ಲ. ಅವತ್ತು ಪಾಠ ನಿಲ್ಲಿಸಿ, ಕಿಟಕಿಯ ಹೊರಗೆ ನೋಡುತ್ತಾ, “ಆ ಬ್ಯಾಚಿಗೆ ನಾನು ಕಲಿಸ್ಬೇಕು. ನನ್ನ ಟೇಬಲ್ಲಿಂದ ಎಬ್ಬಿಸಿದ ಜನ ಅವ್ರು. ನನ್ನ ಮುಂದೆ ಬಂದು ಕೂತು ಗೆರೆ ಎಳಿಯೋದು ಕಲೀಲಿ” ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ. ಆದರೆ ಅಷ್ಟು ಆಸೆಯಿಂದ ಅವರು ಮಾತಾಡಿದ್ದನ್ನು ನಾವು ಕೇಳಿದ್ದು ಅದೊಂದೇ ಸಲ.

ತೋರಿಸಲು ಆರಿಸಿದ್ದು ನನ್ನ ಪ್ರೋಗ್ರಾಮನ್ನು. ಅದರಲ್ಲಿ ಎರಡು ಬಗೆ. ಒಂದು ನೇರ ಗೆರೆಯದು. ಇನ್ನೊಂದು ಕೈ ಹೋದ ಹಾಗೆ ಹೋಗುವ ಗೆರೆ, ಅದರಲ್ಲಿ ಚಿತ್ರ ಬಿಡಿಸಬಹುದು, ಹೆಸರು ಬರೆಯಬಹುದು. ಶುರುವಿನಲ್ಲಿ ನೇರ ಗೆರೆಯೇ ಇರಬೇಕೆಂದು ಮೇಡಂ ಗೊತ್ತು ಮಾಡಿ, ಪರಿಶೀಲಿಸಿ, ಸಹಿಯನ್ನೂ ಹಾಕಿ ತಂದರು. ನನಗೆ ಒಳಗೊಳಗೇ ಉರಿ. ನೇರ ಗೆರೆ ಅವರು ಹೇಳಿಕೊಟ್ಟದ್ದು, ಕೈ ಹೋದ ಹಾಗೆ ಹೋಗುವ ಗೆರೆಗೆ ಬಣ್ಣ ಎಲ್ಲ ಹಾಕಿ ಚಂದ ಮಾಡಿದವಳು ನಾನು. ಬಂದವರು ಮೊದಲು ನನ್ನದನ್ನು ನೋಡಲಿ ಎಂದು ಆ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಒಂದೇ ಒಂದು ಅಂಕಿ ಬದಲಿಸಿದೆ. ಸೊನ್ನೆ ಇದ್ದದ್ದು ಒಂದಾಯಿತು, ಶುರುವಿಗೆ ನನ್ನ ಗೆರೆಯೇ ಬರುವಂತಾಯಿತು. ಸಹಿ ಗಿಹಿ ಏನೂ ಇಲ್ಲ.

ಹರಿಹರದ ಬಸ್ಸು ಅವತ್ತು ತಡವಾಯಿತು. ಮೇಡಂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಸಾಹುಕಾರರು ಆ ಹಿರಿಯರನ್ನು ಕರೆತಂದು ಕುರ್ಚಿ ಹಾಕಿಸಿದ್ದರು. ಮೇಡಂ ನನ್ನ ಹತ್ತಿರ ಬಗ್ಗಿ, “ಏನಾರ ಮುಟ್ಟೀಯೇನು?” ಎಂದು ಮೆಲ್ಲಗೆ ಕೇಳಿದರು.

“ಇಲ್ರಿ ಮೇಡಂ” ಎಂದೆ.

ಆ ಹಿರಿಯರು, “ನೀವೇ ತೋರಿಸ್ರಿ ಮೇಡಂ, ನಮ್ಮ ಆಫೀಸಿನೋರೇ ಅಲ್ವಾ ನೀವು” ಎಂದು ನಕ್ಕರು. ಮೇಡಂ ಹಿಂಜರಿಯಲಿಲ್ಲ. ಕೂತು ಮೌಸಿನ ಮೇಲೆ ಬಲಗೈ ಇಟ್ಟರು. ಒತ್ತಿದರು. ಎಳೆದರು.

ಪರದೆಯ ಮೇಲೆ ಮೂಡಿದ್ದು ಗರಗಸದ ಹಲ್ಲಿನಂಥ ಗೆರೆ. ನಾನು ಆಗ ಪರದೆಯಿಂದ ಕಣ್ಣಿಳಿಸಿ ಅವರ ಕೈ ನೋಡಿದೆ. ಮೌಸಿನ ಮೇಲಿದ್ದ ಆ ಬೋಳು ಕೈ ಮಣಿಕಟ್ಟಿನಿಂದ ಬೆರಳ ತುದಿವರೆಗೆ ನಡುಗುತ್ತಿತ್ತು. ಸೀಮೆಸುಣ್ಣ, ಹಾಜರಿ, ಸದ್ದಾಗುವುದೆಂದು ಬಲಗೈಗೆ ಹಾಕದ ಬಳೆ, ಅರ್ಧ ಲೋಟ ಎಲ್ಲ ಒಂದೇ ಸಲ ತಲೆಗೆ ಹೊಡೆದವು. ಪ್ರೋಗ್ರಾಂ ಬದಲಾಗಿದೆಯೆಂದು ಅವರಿಗೂ ಅರ್ಧ ಗೆರೆಯಲ್ಲೇ ಗೊತ್ತಾಗಿತ್ತು. ಬೇರೆಯವರಾಗಿದ್ದರೆ ಕೈ ತೆಗೆದುಬಿಡುತ್ತಿದ್ದರು. ಅವರು ತೆಗೆಯಲಿಲ್ಲ. ಎಲ್ಲರ ಎದುರಿಗೆ ಆ ಗೆರೆಯನ್ನು ಪರದೆಯ ಈ ಕೊನೆಯಿಂದ ಆ ಕೊನೆಯವರೆಗೆ ಎಳೆದು ಮುಗಿಸಿ, ಆಮೇಲೆ ಬಿಟ್ಟರು.

“ಕೈ ಇನ್ನೂ ಹಂಗೇ ಐತೇನ್ರಿ ಮೇಡಂ?” ಎಂದರು ಆ ಹಿರಿಯರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಆದರೂ ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು ನನಗೆ.

“ಹಂಗೇ ಐತ್ರಿ” ಎಂದರು ಮೇಡಂ. “ಪ್ರೋಗ್ರಾಂ ಸರಿ ಐತೆ. ನಾ ಎಳೆದಿದ್ದನ್ನೇ ತೋರಿಸೈತೆ. ಈಗ ಇನ್ನೊಂದು ಬಗೆ ನೋಡ್ರಿ. ಇದು ಎರಡು ತುದಿ ಅಷ್ಟೇ ಕೇಳ್ತೈತೆ, ನಡುವಿಂದು ಕೇಳಂಗಿಲ್ಲ.” ನೇರ ಗೆರೆಗೆ ಬದಲಿಸಿ ಅದೇ ಕೈಯಿಂದ ನಾಲ್ಕು ಗೆರೆ ಎಳೆದು ಒಂದು ಚೌಕ ಬರೆದರು. ಮೂಲೆಗೆ ಮೂಲೆ ಕೂಡಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಂದವರನ್ನು ಕಳಿಸಿದ ಸಾಹುಕಾರರು ಅಡಿಕೆ ಉಗುಳಿ ಬಂದು, ಮುಖ ಚಿಕ್ಕದು ಮಾಡಿಕೊಂಡು ನಿಂತರು. “ಬ್ಯಾಚು ಕಳಿಸ್ತಾರಂತ್ರಿ. ಆದ್ರೆ ಕಲಿಸೋರು ಬ್ಯಾರೆ ಇರ್ಲಿ ಅಂತಾರೆ. ಹಳೇ ಜನ, ಸುಮ್ನೆ ಆಡ್ಕೊಂತಾರೆ ಅಂತ... ನಾ ಏನ್ ಮಾಡ್ಲಿ ಮೇಡಂ? ಅಲ್ಲ, ಆ ಪ್ರೋಗ್ರಾಂ ಹಂಗೆ ಶುರುವಾಗಂಗೆ ಯಾರು ಇಟ್ಟಿದ್ರು?”

ಮೇಡಂ ನನ್ನ ಕಡೆ ತಿರುಗಲೂ ಇಲ್ಲ. “ಚೆಕ್ ಮಾಡಬೇಕಾದೋಳು ನಾನು. ಬೆಳಿಗ್ಗೆ ಇನ್ನೊಮ್ಮೆ ನೋಡ್ಬೇಕಿತ್ತು, ನೋಡ್ಲಿಲ್ಲ” ಎಂದರು. ಪ್ರಿಂಟರಿನಲ್ಲಿ ಏನೋ ತೆಗೆದು ಮಡಚಿ ಚೀಲಕ್ಕೆ ಹಾಕಿಕೊಂಡರು. ಮಧ್ಯಾಹ್ನದ ಪಾಠವನ್ನು ಎಂದಿನಂತೆ ಮುಗಿಸಿದರು. ಸೋಮವಾರ ಅವರು ಬರಲಿಲ್ಲ. ಅವರ ಜಾಗಕ್ಕೆ ಶಿವಮೊಗ್ಗದಿಂದ ಒಬ್ಬ ಸರ್ ಬಂದರು, ಬೋರ್ಡಿನ ತುಂಬ ಬರೆದರು. ನನಗೆ ಒಂದಕ್ಷರವೂ ಹತ್ತಲಿಲ್ಲ.

ಹರಿಹರಕ್ಕೆ ಹೋಗಲು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ, ಹೇಡಿ ನಾನು. ಮೂರನೆಯ ಸಲ ಹತ್ತಿ ಕೂತೆ. ಹೊಳೆಯ ಕಡೆ ಹೋಗುವ ಬೀದಿಯಲ್ಲಿ ಚಿಕ್ಕ ಮನೆ. ಬಾಗಿಲು ತೆರೆದ ಅವರ ತಂಗಿ ಒಳಗೆ ಕರೆದು ಕೂರಿಸಿ ಚಾ ಇಡಲು ಹೋದರು. ಮೇಡಂ ಎದುರಿಗೆ ಬಂದು ಕೂತರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ಹೋಗಿ, “ನಾನೇ ಬದಲಿಸಿದ್ದು ಮೇಡಂ. ಮುಟ್ಟಿಲ್ಲ ಅಂತ ಸುಳ್ಳು ಹೇಳ್ದೆ” ಎಂದು ಅತ್ತುಬಿಟ್ಟೆ.

“ಗೊತ್ತು” ಎಂದರು.

“ಮತ್ತ ಯಾಕ ಹೇಳ್ಲಿಲ್ಲ ಸಾಹುಕಾರ್ರಿಗೆ?”

ಅವರು ಎದ್ದು ಕಪಾಟಿನಿಂದ ಒಂದು ಹಾಳೆ ತಂದು ನನ್ನ ಮುಂದೆ ಹಾಸಿದರು. ಅವತ್ತು ಪ್ರಿಂಟರಿನಲ್ಲಿ ತೆಗೆದುಕೊಂಡು ಹೋದದ್ದು ಅದೇ. ನಾನು ಸೊನ್ನೆಯನ್ನು ಒಂದು ಮಾಡಿದ್ದ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು, ಸುತ್ತು ಅಂಕುಡೊಂಕಾಗಿತ್ತು. ಮೂಲೆಯಲ್ಲಿ ಚೌಕ. ಬರೆದವರು ಎಂಬಲ್ಲಿ, ಹಳೆಯ ಹಾಳೆಯಿಂದ ಕತ್ತರಿಸಿ ಅಂಟಿಸಿದ್ದ ನನ್ನ ಸಹಿ. ಉಳಿದ ಎರಡು ಮನೆ ಖಾಲಿ.

“ತಿದ್ದಿದೋರ ಹೆಸ್ರು ಬ್ಯಾರೆಯೋರು ಬರಿಯಂಗಿಲ್ಲವ್ವಾ. ತಿದ್ದಿದೋರೇ ಬಂದು ಬರೀಬೇಕು. ಅದಕ್ಕೇ ಖಾಲಿ ಬಿಟ್ಟಿದ್ದೆ” ಎಂದು ಪೆನ್ನು ಕೊಟ್ಟರು.

ಸಹಿ ಹಾಕಿದೆ. ಅವರು ಪೆನ್ನನ್ನು ವಾಪಸು ತೆಗೆದುಕೊಂಡರು. ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದು, ಪರಿಶೀಲಿಸಿದವರು ಎಂಬ ಮನೆಯಲ್ಲಿ ತಮ್ಮ ಹೆಸರು ಬರೆಯತೊಡಗಿದರು. ಅವರು ಬರೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಷರಗಳು ಎತ್ತೆತ್ತಲೋ ಎಗರಿದವು. ಬಹಳ ಹೊತ್ತು ಹಿಡಿಯಿತು. ನಡುವೆ ಒಮ್ಮೆಯೂ ಪೆನ್ನು ಎತ್ತಲಿಲ್ಲ.

“ಈಗ ಸರಿ ಆತು” ಎಂದು ಹಾಳೆಯನ್ನು ಮಡಚಿ ನನಗೇ ಕೊಟ್ಟರು. ಅಷ್ಟರಲ್ಲಿ ತಂಗಿ ಚಾ ತಂದರು. ನನಗೊಂದು ತುಂಬಿದ ಲೋಟ, ಅಕ್ಕನಿಗೆ ಎಂದಿನಂತೆ ಅರ್ಧ. ಮೇಡಂ ತಮ್ಮ ಲೋಟವನ್ನು ತಂಗಿಯ ಕಡೆ ಸರಿಸಿ, “ಇನ್ನಷ್ಟು ಹಾಕೇ” ಎಂದರು. ತಂಗಿ ಅನುಮಾನದಿಂದ ನನ್ನ ಮುಖ, ಅವರ ಮುಖ ನೋಡಿದರು. “ಹಾಕು, ತುಂಬ ಹಾಕು. ಈಕಿ ನಮ್ಮಾಕೀನೇ” ಎಂದರು. ಒಂದೇ ಕೈಯಲ್ಲಿ ಲೋಟ ಎತ್ತಿದರು. ಚಾ ತುಳುಕಿ ಬೆರಳ ಮೇಲೆ, ಸೀರೆಯ ಮೇಲೆ ಚೆಲ್ಲಿತು. ಅವರು ಗೋಡೆಯ ಕಡೆ ತಿರುಗಲಿಲ್ಲ.